ಒರೆಸಿದ ನಳಿಗೆಯ ಮೊದಲ ಈಡು

ಕೋವಿ ಮಾರಿಕೊಡು ಎಂದು ಫರ್ಗಸ್ ನನ್ನ ಶೆಡ್ಡಿಗೆ ಬಂದಾಗ ನಾನು ಟ್ರ್ಯಾಕ್ಟರಿನ ಹೊಟ್ಟೆಯಡಿ ಮಲಗಿದ್ದೆ. ಅವನ ಬೂಟು ಮಾತ್ರ ಕಾಣುತ್ತಿತ್ತು. ಅವನ ಮಾತು ಕೇಳಿ ಸಿಟ್ಟಿನಲ್ಲಿ ತಲೆಯೆತ್ತಿದೆ ನೋಡಿ, ಕಬ್ಬಿಣ ಬಡಿದು ಹಾಡುಹಗಲೇ ನಕ್ಷತ್ರ ಕಂಡವು.

"ಏನಂದೆ?"

"ಯಾರಾದ್ರೂ ಒಳ್ಳೆ ಗಿರಾಕಿ ಇದ್ರೆ ನೋಡು ಅಂದೆ. ನಿಂಗೆ ಊರೆಲ್ಲ ಪರಿಚಯ."

"ಊರೆಲ್ಲ ಪರಿಚಯ ಅಂತ ನಿನ್ನ ತಲೆ ಕೆಟ್ಟಿರೋದನ್ನ ಡಂಗುರ ಹೊಡೀಲಾ?"

ಅವನು ನಗಲಿಲ್ಲ. ಕೋವಿಯನ್ನು ಚೀಲದ ಸಮೇತ ನನ್ನ ಬೆಂಚಿನ ಮೇಲೆ ಮಲಗಿಸಿ, ಕೈ ಒರೆಸಿಕೊಂಡ. ಫರ್ಗಸ್ ನನ್ನ ತಂಗಿ ನೋಲಾಳ ಗಂಡ. ಭೂಮಿಯ ದಕ್ಷಿಣ ತುದಿಯ ನಮ್ಮ ಈ ದ್ವೀಪದಲ್ಲಿ, ಟುವಾಟಪೆರೆ ಪೇಟೆಯ ಆಚೆ, ವೈಯೌ ನದಿಯ ದಂಡೆಯಲ್ಲಿ ಕುರಿ ಸಾಕುತ್ತಾನೆ. ದಿನಕ್ಕೆ ಹತ್ತು ಮಾತಾಡಿದರೆ ಅವನಿಗೆ ಬಾಯಿ ನೋಯುತ್ತದೆ. ಅವನ ಪಾಲಿನ ಉಳಿದ ಮಾತನ್ನೆಲ್ಲ ನಾನೇ ಆಡಿ ಮುಗಿಸುತ್ತೇನೆ. ನಾನು ಬಾಯಿಬಡುಕ, ಮುಂಗೋಪಿ, ಹೊಟ್ಟೆಯಲ್ಲಿ ಗುಟ್ಟು ನಿಲ್ಲದವನು. ಇದನ್ನೆಲ್ಲ ನನ್ನ ಮುಖಕ್ಕೇ ಹೇಳಲು ಈ ಊರಿನಲ್ಲಿ ಯಾರೂ ಇದುವರೆಗೆ ಸಂಕೋಚಪಟ್ಟಿಲ್ಲ.

ಅವನು ಯಾಕೆ ಬಂದಿದ್ದಾನೆಂದು ನನಗೆ ಗೊತ್ತಿತ್ತು. ಹೋದ ಏಪ್ರಿಲ್‌ನಲ್ಲಿ, ಗಂಡು ಸಾರಂಗಗಳು ಬೆದೆಗೆ ಬಂದು ಮೊರೆಯುವ ಕಾಲದಲ್ಲಿ, ನಾವಿಬ್ಬರೂ ಹೌರೊಕೊ ಸರೋವರದ ಆಚೆಯ ಕಣಿವೆಗೆ ಹೋಗಿದ್ದೆವು. ಅಂಥ ಕಣಿವೆಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಹೆಸರು ಬಂದವರಿಗೆ ಒಂದು ವಾರ ಆ ಕಣಿವೆ ಅವರದ್ದು. ಎರಡನೆಯ ಬೆಳಿಗ್ಗೆ, ಕಣ್ಣು ಮುಚ್ಚಿ ಹೊಡೆದರೂ ತಾಗುವಷ್ಟು ಹತ್ತಿರದಲ್ಲಿ, ಒಂದು ಸಾರಂಗ ಅಡ್ಡ ನಿಂತು ಫರ್ಗಸ್‌ಗೆ ಪೂರ್ತಿ ಮೈ ತೋರಿಸಿತು. ಅವನು ಈಡು ಹೊಡೆದ. ಪ್ರಾಣಿ ಬೀಳಲಿಲ್ಲ, ಬೆನ್ನು ಗೂನು ಮಾಡಿಕೊಂಡು ಬೀಚ್ ಎಂಬ ಕಾಡುಮರಗಳ ಒಳಗೆ ನುಗ್ಗಿತು. ಗುಂಡು ಹೃದಯಕ್ಕಲ್ಲ, ಬೇರೆಲ್ಲೋ ತಗುಲಿತ್ತು. ಆಮೇಲೆ ಮಳೆ. ವಾರವಿಡೀ ಪಾಚಿಯ ಮೇಲೆ ಮೊಣಕಾಲೂರಿ ರಕ್ತದ ಹನಿ ಹುಡುಕಿದೆವು. ಸಿಗಲಿಲ್ಲ. ಗಾಯಗೊಂಡ ಜೀವವನ್ನು ಕಾಡಿನಲ್ಲಿ ಬಿಟ್ಟು ಬರುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇನ್ನೊಂದಿಲ್ಲ. ವಾಪಸು ಬರುವ ದೋಣಿಯಲ್ಲಿ ಅವನ ಮುಖ ನೋಡಲು ನನಗೆ ಆಗಲಿಲ್ಲ.

"ಕೈ ಹೋಗಿದೆ ಕ್ಲೈಡ್," ಎಂದ ಈಗ. "ಕಣ್ಣು ಇದೆ, ಕೈ ಇಲ್ಲ."

"ತೋಟೆಯದ್ದೇ ತಪ್ಪಿರಬಹುದಲ್ಲ ಮಾರಾಯ. ಆ ಡಬ್ಬಿ ಮದ್ದು ನಮ್ಮಷ್ಟೇ ಹಳೇದು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಮದ್ದಿನ ಮೇಲೆ ಯಾಕೆ ಹಾಕ್ಲಿ?"

"ಹಾಗಾದ್ರೆ ಕೇಳು," ಎಂದೆ. "ನಿನ್ನ ಆ ಮದ್ದು ಈಗ ಬರೋದೇ ನಿಂತಿದೆ. ಹೇಗಿದ್ರೂ ಹೊಸ ಮದ್ದಿಗೆ ತೋಟೆ ತುಂಬಿ ನೋಡ್ಬೇಕು. ನಾನು ತುಂಬ್ತೀನಿ, ನೀನು ಹೊಡಿ. ಬೇಸಿಗೆ ಪೂರ್ತಿ ನೋಡೋಣ. ಆಮೇಲೂ ಗುರಿ ತಪ್ಪಿದ್ರೆ ನಾನೇ ನಿಂತು ಮಾರಿಕೊಡ್ತೀನಿ, ದಲ್ಲಾಳಿ ತಗೊಳ್ಳದೆ."

ಅವನು ಕೋವಿಯ ಚೀಲದ ಪಟ್ಟಿ ಬಿಗಿದ. "ಇನ್ನೊಂದು ಜೀವಕ್ಕೆ ಹಾಗೆ ಆದ್ರೆ ಇದನ್ನ ಮಾರೋದೂ ಇಲ್ಲ, ನದಿಗೆ ಎಸೀತೀನಿ," ಎಂದ. ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ತೋಟೆ ತುಂಬುವುದು ಅಡುಗೆಯ ಹಾಗೆ. ಸಾಮಾನು ನಾಲ್ಕೇ: ಹಿತ್ತಾಳೆಯ ಚಿಪ್ಪು, ಅದರ ಬುಡಕ್ಕೆ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಆದರೆ ಅದೇ ಅಕ್ಕಿ ಅದೇ ನೀರು ಇಟ್ಟರೂ ಒಬ್ಬರ ಒಲೆಯಲ್ಲಿ ಅನ್ನ ಅರಳುತ್ತದೆ, ಇನ್ನೊಬ್ಬರ ಒಲೆಯಲ್ಲಿ ಮುದ್ದೆಯಾಗುತ್ತದೆ. ಪ್ರತಿ ಕೋವಿಗೂ ಅದರದ್ದೇ ನಾಲಿಗೆ. ಮದ್ದು ಸಾಸಿವೆಯಷ್ಟು ಹೆಚ್ಚಾದರೆ ಒಂದಕ್ಕೆ ಸಿಟ್ಟು ಬರುತ್ತದೆ, ಇನ್ನೊಂದಕ್ಕೆ ಖುಷಿಯಾಗುತ್ತದೆ. ಗುಂಡನ್ನು ಚಿಪ್ಪಿನೊಳಗೆ ಕೂದಲೆಳೆಯಷ್ಟು ಆಳ ಕೂರಿಸಿದರೆ ಚದುರಿ ಬೀಳುತ್ತಿದ್ದ ಈಡುಗಳು ಒಟ್ಟಿಗೆ ಬಂದು ಕೂತಾವು. ಇದು ಪುಸ್ತಕದಲ್ಲಿ ಸ್ವಲ್ಪ ಇರುತ್ತದೆ, ಉಳಿದದ್ದನ್ನು ಕೋವಿಯನ್ನೇ ಕೇಳಬೇಕು. ಕೇಳುವ ರೀತಿಯೂ ಒಂದೇ: ಮೂರು ಈಡು ಬೆನ್ನುಬೆನ್ನಿಗೆ, ಹೋಗಿ ಕಾಗದ ನೋಡುವುದು, ಮತ್ತೆ ಮೂರು ಈಡು. ನಮ್ಮ ಕಡೆ ಬೇಸಿಗೆಯ, ಅಂದರೆ ಡಿಸೆಂಬರಿನಿಂದ ಫೆಬ್ರವರಿಯ ತನಕದ, ಯಾವ ಶನಿವಾರವಾದರೂ ಕಿವಿಗೊಡಿ, ಯಾವುದಾದರೊಂದು ಗುಡ್ಡದ ಬುಡದಿಂದ ಢಂ ಢಂ ಢಂ ಎಂದು ಮೂರು ಕೇಳುತ್ತದೆ. ಒಗೆದ ಬಟ್ಟೆ ಒಣಹಾಕುತ್ತಿದ್ದ ಹೆಂಗಸರೂ "ಓ, ಅವನು ಹೊಸ ಮದ್ದು ತಂದ" ಎಂದು ಹೇಳಿಬಿಡುತ್ತಾರೆ.

ಫರ್ಗಸ್‌ನ ಹೊಲದ ಕೊನೆಯಲ್ಲಿ, ನದಿ ಹಿಂದೆಂದೋ ಬಿಟ್ಟುಹೋದ ಜಲ್ಲಿಯ ಬಯಲು ಇದೆ. ಅದರಾಚೆ ಮಣ್ಣಿನ ದಿಬ್ಬ. ಅಲ್ಲಿ ಕಾಗದ ಅಂಟಿಸಿದೆವು. ಮನೆಯ ಅಡುಗೆಕೋಣೆಯ ಕಿಟಕಿ ಅಲ್ಲಿಗೆ ಕಾಣುವುದಿಲ್ಲ, ನಡುವೆ ಮ್ಯಾಕ್ರೋಕಾರ್ಪ ಮರಗಳ ಬೇಲಿ.

ಮೊದಲ ದಿನ ಫರ್ಗಸ್ ಮರಳಿನ ಚೀಲದ ಮೇಲೆ ಕೋವಿ ಇಟ್ಟು, ಉಸಿರು ಕಟ್ಟಿ ಹೊಡೆದ. ನಳಿಗೆಯ ತುದಿಯಿಂದ ನೀಲಿ ಹೊಗೆ ಎದ್ದಿತು. ದುರ್ಬೀನಿನಲ್ಲಿ ನೋಡಿದರೆ ಗುಂಡು ಗುರಿಗಿಂತ ಒಂದು ಗೇಣು ಮೇಲೆ, ಎಡಕ್ಕೆ.

"ನೋಡ್ದಾ?" ಎಂದ.

"ಬಾಯ್ಮುಚ್ಕೊಂಡು ಇನ್ನೆರಡು ಹೊಡಿ."

ಇನ್ನೆರಡೂ ಒಂದರ ಮೈಮೇಲೆ ಒಂದು ಬಿದ್ದವು. ಆಮೇಲಿನ ಮೂರೂ ಅಲ್ಲೇ. ಬೆಂಕಿಪೊಟ್ಟಣದಲ್ಲಿ ಮುಚ್ಚಿಬಿಡಬಹುದಿತ್ತು ಆ ಐದು ತೂತುಗಳನ್ನು. ಕೈ ಹೋದವನು ಹೊಡೆಯುವ ಈಡೇ ಅವು? ಮೊದಲನೆಯದಕ್ಕೆ ಅಳುಕಿದ್ದಾನೆ ಎಂದುಕೊಂಡೆ.

ಸಂಜೆ ಮನೆಗೆ ಹೋದಾಗ ನೋಲಾ ಬಾಗಿಲಲ್ಲೇ ಕಾಯುತ್ತಿದ್ದಳು. ಹೋದ ಜನವರಿಯಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತುಹೋಗಿತ್ತು. ಕೋಲೂರಿ ನಡೆಯುತ್ತಾಳೆ. ನನ್ನ ತಂಗಿ ಮೊದಲಿನಿಂದಲೂ ಕೂತಲ್ಲಿ ಕೂರದ ಹೆಂಗಸು. ಉಣ್ಣೆ ಕತ್ತರಿಸುವ ಇಡೀ ತಂಡಕ್ಕೆ ಒಬ್ಬಳೇ ಅಡುಗೆ ಮಾಡಿ ಹಾಕಿದವಳು, ಈಗ ಬಾಟಲಿಯ ಮುಚ್ಚಳ ತೆಗೆಯಲು ಗಂಡನನ್ನು ಕರೆಯಬೇಕು.

"ಕೊಡು ಇಲ್ಲಿ," ಎಂದು ಎಡಗೈ ಚಾಚಿದಳು. ಕೋವಿಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಸರಳಿನ ತುದಿಗೆ ಬಟ್ಟೆ ಸುತ್ತಿ, ನಳಿಗೆಯೊಳಗೆ ತಳ್ಳತೊಡಗಿದಳು. ಕಪ್ಪು ಮಸಿಯ ಬಟ್ಟೆ, ಆಮೇಲೆ ಬೂದು ಬಣ್ಣದ್ದು, ಕೊನೆಗೆ ಬಿಳಿ. ಕೊನೆಯಲ್ಲಿ ಎಣ್ಣೆ.

"ಅಪ್ಪನ ಮನೆ ಬುದ್ಧಿ ಬಿಟ್ಟಿಲ್ಲ ನೀನು," ಎಂದು ನಾನು ನಕ್ಕೆ.

"ಗಲೀಜು ಕೋವಿ ಗಲೀಜು ಮನೆ ಇದ್ದಂಗೆ ಅಣ್ಣ. ನಿನ್ನ ಶೆಡ್ಡು ನೋಡಿದ್ರೆ ನಿನಗದು ಅರ್ಥ ಆಗಲ್ಲ ಬಿಡು."

ಮರುದಿನವೂ ಅದೇ ಕತೆ. ಮೊದಲ ಈಡು ನೀಲಿ ಹೊಗೆ ಬಿಟ್ಟು ಗೇಣು ಮೇಲೆ, ಎಡಕ್ಕೆ. ಉಳಿದವೆಲ್ಲ ಒಂದೇ ಕಡೆ. ಅದರ ಮರುದಿನ ಹೊಡೆಯುವ ಸರದಿ ನನ್ನದೆಂದು ನಾನೇ ಕೂತೆ. ನನಗೂ ಅದೇ ಗೇಣು, ಅದೇ ಎಡ.

ಫರ್ಗಸ್ ಕಾಗದದ ಎದುರು ನಿಂತ. ಮೊದಲ ತೂತಿಗೆ ಬೆರಳಿಟ್ಟ. ಆಮೇಲೆ ಹಿಂದೆ ಬಂದು ನಳಿಗೆಯ ತುದಿಗೆ ಮೂಗು ಹಿಡಿದು ಮೂಸಿದ. ಅವನ ಮುಖದಲ್ಲಿ ಬಣ್ಣ ಇಳಿದದ್ದು ನೋಡಿ ನನಗೆ ಗಾಬರಿಯಾಯಿತು. ಜಲ್ಲಿಯ ಮೇಲೆ ಹಾಗೇ ಕುಸಿದು ಕೂತ.

"ಎಣ್ಣೆ," ಎಂದ. "ಅವಳು ಒರೆಸಿದ್ಲು."

"ದಿನಾ ಒರೆಸ್ತಾಳಲ್ಲ?"

"ಹೋದ ಸಲ. ದೋಣಿ ಹತ್ತೋ ಹಿಂದಿನ ದಿನ."

ಆಗ ನನ್ನ ಮಂಡೆಗೆ ಬೆಳಕು ಬಂತು. ನಮ್ಮ ಅಪ್ಪನದ್ದು ಯುದ್ಧಕಾಲದ ಹಳೆಯ ಕೋವಿ. ಆ ಕಾಲದ ಕೇಪಿನ ಮಸಿ ಒಂದು ರಾತ್ರಿ ಬಿಟ್ಟರೆ ಸಾಕು, ನಳಿಗೆ ತುಕ್ಕು ಹಿಡಿಯುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಕೋವಿ ಗುಡ್ಡ ಹತ್ತುವ ಮುನ್ನ ಹೊಳೆಯಲೇಬೇಕು. ಅದು ಅಪ್ಪನ ಆಜ್ಞೆ. ಆ ಮುದಿ ಕೋವಿಗೆ ಒರೆಸಿದರೂ ಒಂದೇ, ಬಿಟ್ಟರೂ ಒಂದೇ. ಫರ್ಗಸ್‌ನ ಮನೆಯ ಪದ್ಧತಿ ತದ್ವಿರುದ್ಧ: ಗುರಿ ಕೂರಿಸಿದ ಮೇಲೆ ಬೇಟೆ ಮುಗಿಯುವ ತನಕ ನಳಿಗೆಯ ಒಳಗನ್ನು ಮುಟ್ಟುವ ಹಾಗಿಲ್ಲ. ಅವನ ಕೋವಿಯ ನಾಲಿಗೆ ಸೂಕ್ಷ್ಮದ್ದು. ಮಸಿ ಹಿಡಿದ ನಳಿಗೆಯಲ್ಲಿ ಗುಂಡು ಒಂದು ರೀತಿ ಓಡುತ್ತದೆ, ಎಣ್ಣೆ ಸವರಿದ ನುಣ್ಣನೆಯ ನಳಿಗೆಯಲ್ಲಿ ಇನ್ನೊಂದು ರೀತಿ. ಮೊದಲ ಈಡಿನ ಆ ನೀಲಿ ಹೊಗೆಯೂ ಎಣ್ಣೆ ಉರಿದದ್ದೇ. ಮದುವೆಯಾಗಿ ಇಷ್ಟು ವರ್ಷ ಅವನ ಕೋವಿಯನ್ನು ಅವನೇ ನೋಡಿಕೊಂಡಿದ್ದರಿಂದ ಎರಡು ಮನೆಯ ಪದ್ಧತಿ ಎಂದೂ ಡಿಕ್ಕಿ ಹೊಡೆದಿರಲಿಲ್ಲ.

ನನಗೆ ಕುಣಿಯುವಷ್ಟು ಸಂತೋಷವಾಯಿತು. "ಹಾಗಾದ್ರೆ ನಿನ್ನ ಕೈ ನೆಟ್ಟಗಿದೆಯಲ್ಲೋ! ಇಷ್ಟೇನಾ! ತಡಿ, ನೋಲಾಗೆ ಹೇಳಿ ಬರ್ತೀನಿ, ಇನ್ನು ಮೇಲೆ ಒಳಗಡೆ ಮುಟ್ಬೇಡ ಅಂತ."

ಎರಡು ಹೆಜ್ಜೆ ಇಟ್ಟಿರಲಿಲ್ಲ, ನನ್ನ ಕಾಲರ್ ಹಿಂದಿನಿಂದ ಬಿಗಿಯಿತು. ಫರ್ಗಸ್ ಯಾರ ಮೇಲಾದರೂ ಕೈ ಮಾಡಿದ್ದನ್ನು ನಾನು ಕಂಡವನಲ್ಲ.

"ಒಂದು ಮಾತು ಆಡಿದ್ರೆ," ಎಂದ, "ನನ್ನ ಹೊಸಿಲು ತುಳೀಬೇಡ."

"ಯಾಕೋ?"

ಅವನು ಕಾಲರ್ ಬಿಟ್ಟ. ಆಮೇಲೆ ಆ ಮನುಷ್ಯ ಒಂದು ವರ್ಷಕ್ಕಾಗುವಷ್ಟು ಮಾತನ್ನು ಒಟ್ಟಿಗೆ ಆಡಿದ. "ಆಸ್ಪತ್ರೆಯಿಂದ ಬಂದ್ಮೇಲೆ ಅವಳು ಎರಡು ತಿಂಗಳು ಕಿಟಕಿ ಹತ್ರ ಕೂತಿದ್ಲು ಕ್ಲೈಡ್. ಚಮಚ ಎತ್ತಲಿಲ್ಲ, ಮಾತಾಡಲಿಲ್ಲ. ನಾನು ಸತ್ತಿದ್ರೆ ಚೆನ್ನಾಗಿತ್ತು ಅಂತ ಒಂದು ದಿನ ಅಂದ್ಲು. ಆಮೇಲೆ ನಾನು ಬೇಟೆಗೆ ಹೊರಡೋ ಹಿಂದಿನ ಸಂಜೆ ಕುರಿ ಕೂಡಿ ಬಂದ್ರೆ, ಕೋವಿ ತೊಡೆ ಮೇಲಿಟ್ಕೊಂಡು ಕೂತಿದ್ದಾಳೆ. ಮುಖಕ್ಕೆಲ್ಲ ಮಸಿ. ನೋಡು ಫರ್ಗಸ್, ಎಡಗೈಲಿ ನಾನೊಬ್ಳೇ ಮಾಡ್ದೆ ಅಂತ ನಕ್ಲು. ಆ ಕಾಯಿಲೆ ಬಂದ್ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಒಳಗೂ ಒರೆಸಿದ್ದಾಳೆ ಅಂತ ನನಗೆ ಹೊಳೀಲೇ ಇಲ್ಲ. ನಾನು ಕಾಡಿಂದ ಬರೋಷ್ಟರಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ತಿದ್ಲು, ಬಟ್ಟೆ ಮಡಿಸ್ತಿದ್ಲು, ಎಲ್ಲಾ ಅಲ್ಲಿಂದಲೇ ಶುರು. ಈಗ ಹೋಗಿ ಏನು ಹೇಳ್ಲಿ? ನಿನ್ನ ಕೈಯಿಂದಲೇ ಆ ಸಾರಂಗ ನರಳಿ ನರಳಿ ಸತ್ತಿದ್ದು ಅಂತ ಹೇಳ್ಲಾ?"

ನಾನು ಮುಖ ತಿರುಗಿಸಿ, ಕಚ್ಚುತ್ತಿದ್ದ ಮರಳುನೊಣಗಳನ್ನು ಬೈದೆ.

"ಸರಿ, ಹೇಳೋದು ಬೇಡ," ಎಂದೆ. "ಅವಳು ಒರೆಸ್ಲಿ. ನಾವು ದೋಣಿ ಇಳಿದ ಕೂಡ್ಲೇ ಮರಕ್ಕೆ ಒಂದು ಈಡು ಹೊಡೆದು ಮಸಿ ಹಿಡಿಸಿದ್ರೆ ಮುಗೀತು."

"ಮೊದಲ ದಿನವೇ ಸದ್ದು ಮಾಡಿದ್ರೆ ಸಾರಂಗ ಎಲ್ಲಾ ಗುಡ್ಡ ದಾಟ್ತವೆ. ವಾರ ಪೂರ್ತಿ ಮರ ಹತ್ತೋ ಪೊಸಮ್ ಪ್ರಾಣಿ ನೋಡ್ಕೊಂಡು ಬರ್ಬೇಕು."

"ಹೊರಡೋ ಮುಂಚೆ ಇಲ್ಲೇ ಹೊಡಿ."

"ಒರೆಸಿ ಕೊಟ್ಟ ಕೋವೀನ ಅವಳ ಕಿವಿಗೆ ಬೀಳೋ ಹಾಗೆ ಗಲೀಜು ಮಾಡ್ಲಾ? ದೋಣಿ ಹತ್ತೋ ಜೆಟ್ಟಿ ತನಕ ಅವಳೇ ತಂದು ಕೊಡ್ತಾಳೆ ಅದನ್ನ."

"ಹಾಗಾದ್ರೆ ಏನು ಮಾಡೋಣ ಅಂತೀಯಾ?"

"ಒರೆಸಿದ ನಳಿಗೆಯಿಂದಲೂ ಗುರಿಗೇ ಹೋಗೋ ತೋಟೆ ತುಂಬು," ಎಂದ.

ನಾನು ಕೈ ಮುಗಿದುಬಿಟ್ಟೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವವರನ್ನು ಕಂಡಿದ್ದೆ, ಇವನು ಕೊಡಲಿಯನ್ನೂ ನನ್ನ ಕೈಯಲ್ಲೇ ಎತ್ತಿಸುತ್ತಿದ್ದ. ಹೆಂಡತಿಗೆ ಒಂದು ಮಾತು ಹೇಳುವ ಬದಲು ಒಂದಿಡೀ ಬೇಸಿಗೆ, ಡಬ್ಬಿಗಟ್ಟಲೆ ಮದ್ದು, ಗುಡ್ಡೆ ಗುಡ್ಡೆ ಗುಂಡು! ಆದರೂ ಒಪ್ಪಿದೆ. ಅವಳು ನನ್ನ ತಂಗಿ.

ಆ ಬೇಸಿಗೆಯ ಪರೀಕ್ಷೆ ಎಲ್ಲರಂತೆ ಮೂರು ಮೂರರದ್ದಲ್ಲ. ಒಂದೇ ಈಡು. ಆಮೇಲೆ ನೋಲಾ ಒರೆಸುವ ಹಾಗೆಯೇ ನಳಿಗೆಯನ್ನು ಒರೆಸಿ, ಎಣ್ಣೆ ಸವರಿ, ಕೆಟ್ಲು ಕುದಿದು ಚಹಾ ಕುಡಿದು ಮುಗಿಯುವಷ್ಟು ಹೊತ್ತು ತಣ್ಣಗಾಗಲು ಬಿಡುವುದು. ಮತ್ತೆ ಒಂದೇ ಈಡು. ಇಡೀ ದಿನ ಕೂತರೂ ಒಂದು ಹಿಡಿ ತೋಟೆ ಖರ್ಚಾಗುತ್ತಿರಲಿಲ್ಲ. ನನ್ನಂಥವನಿಗೆ ಅದೆಂಥ ಶಿಕ್ಷೆ ಎಂದು ನೀವೇ ಊಹಿಸಿ. ಫರ್ಗಸ್ ಮಾತ್ರ ಟೋಪಿ ಮುಖದ ಮೇಲೆ ಎಳೆದುಕೊಂಡು, ನದಿಯ ಸದ್ದು ಕೇಳುತ್ತಾ ಸುಖವಾಗಿ ಮಲಗುತ್ತಿದ್ದ. ಕೈ ಸರಿಯಿದೆ ಎಂದು ಗೊತ್ತಾದ ಮೇಲೆ ಅವನ ಹೆಗಲು ಸಡಿಲವಾಗಿತ್ತು.

ಮನೆಯಲ್ಲಿ ನೋಲಾ ಕೇಳುತ್ತಿದ್ದಳು. "ಹೇಗಿದೆ ಹೊಸ ಮದ್ದು?"

"ಹಟಮಾರಿ," ಎನ್ನುತ್ತಿದ್ದ ಫರ್ಗಸ್.

"ನಿನ್ ಥರ," ಎಂದು ಅವಳು ಕೋವಿಗೆ ಕೈ ಚಾಚುತ್ತಿದ್ದಳು. ನಾವು ಒರೆಸಿ ತಂದದ್ದನ್ನೇ ಮತ್ತೆ ಒರೆಸುತ್ತಿದ್ದಳು. ಸೋತ ಬಲಗೈಯ ಬೆರಳುಗಳೂ ಈಗ ಬಟ್ಟೆಯ ತುದಿ ಹಿಡಿಯುತ್ತಿದ್ದವು. ನಾನು ನಾಲಿಗೆ ಕಚ್ಚಿಕೊಂಡು ಕುರಿಮಾಂಸ ಜಗಿಯುತ್ತಿದ್ದೆ. ನನ್ನ ಮನೆಗೆ ಬಂದು ನನ್ನ ನಾಯಿಯ ಹತ್ತಿರ ಎಲ್ಲ ಹೇಳಿಕೊಂಡು ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದೆ.

ಜನವರಿ ಹೋಯಿತು. ಮದ್ದಿನ ಅಳತೆ ಇಳಿಸಿದೆ, ಏರಿಸಿದೆ. ಗೇಣಿದ್ದದ್ದು ಅರ್ಧ ಗೇಣಾಯಿತು, ಅಲ್ಲೇ ಹಟ ಹಿಡಿದು ಕೂತಿತು. ಒಂದು ಮಧ್ಯಾಹ್ನ ವಾಯವ್ಯದ ಗಾಳಿ ಕಣ್ಣಿಗೆಲ್ಲ ಧೂಳು ತುಂಬುತ್ತಿತ್ತು, ಮತ್ತೆ ಎಡಕ್ಕೇ ಹೋಯಿತು ಈಡು. ನಾನು ತೋಟೆಯ ಪೆಟ್ಟಿಗೆಯನ್ನು ನೆಲಕ್ಕೆ ಅಪ್ಪಳಿಸಿದೆ.

"ಸಾಕಾಯ್ತು! ಇವತ್ತು ಹೇಳೇ ಹೇಳ್ತೀನಿ. ತಂಗಿ ಅವಳು ನನಗೆ. ಗಾಜಿನ ಬೊಂಬೆ ಅಲ್ಲ."

ಫರ್ಗಸ್ ಜಲ್ಲಿಯಲ್ಲಿ ಚೆಲ್ಲಿದ ತೋಟೆಗಳನ್ನು ಒಂದೊಂದಾಗಿ ಆರಿಸಿ, ಅಂಗಿಯ ತುದಿಯಲ್ಲಿ ಒರೆಸಿ, ಪೆಟ್ಟಿಗೆಗೆ ಹಾಕಿದ. "ಚಹಾ ಹಾಕ್ಲಾ?" ಎಂದ. ಅವನ ಜೊತೆ ಜಗಳವಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಕೊನೆಗೆ ಮದ್ದನ್ನೇ ಬದಲಾಯಿಸಿದೆ. ಇನ್ನೂ ನಿಧಾನವಾಗಿ ಉರಿಯುವ ಮದ್ದು, ಇನ್ನೂ ತುಸು ಭಾರದ ಗುಂಡು. ಗುಂಡನ್ನು ಚಿಪ್ಪಿನೊಳಗೆ ಒಂದು ಎಳೆ ಆಳಕ್ಕೆ ಕೂರಿಸಿದೆ. ಫೆಬ್ರವರಿಯ ಒಂದು ಬೆಳಿಗ್ಗೆ ಒರೆಸಿದ ನಳಿಗೆಯ ಈಡು ನೀಲಿ ಹೊಗೆ ಬಿಟ್ಟು ಹೋಗಿ ಸೀದಾ ಗುರಿಯ ಅಂಚಿಗೆ ಕೂತಿತು. ಒರೆಸಿದೆವು, ಚಹಾ ಕುಡಿದೆವು, ಮತ್ತೆ ಹೊಡೆದ. ಅಲ್ಲೇ. ವಾರವಿಡೀ ಪರೀಕ್ಷಿಸಿದೆವು. ಬಿಸಿಲಿನಲ್ಲಿ, ಇಬ್ಬನಿಯಲ್ಲಿ, ಒರೆಸಿದ್ದು, ಒರೆಸದ್ದು, ಎಲ್ಲವೂ ಅದೇ ಬೆಂಕಿಪೊಟ್ಟಣದಡಿ. ನಾನು ಜಲ್ಲಿಯ ಮೇಲೆ ಕುಣಿದೆ. ಬೀಳುವಂತಾದಾಗ ಫರ್ಗಸ್ ಹಿಡಿದುಕೊಂಡ. "ನೀನು ಮಾಂತ್ರಿಕ ಕಣೋ," ಎಂದ. ಆ ಮಾತನ್ನು ಇವತ್ತಿಗೂ ಜೋಪಾನವಾಗಿಟ್ಟುಕೊಂಡಿದ್ದೇನೆ, ಯಾಕೆಂದರೆ ಅವನ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಕೊನೆಯ ದಿನ ಖುಷಿಗೆಂದು ಬೆನ್ನುಬೆನ್ನಿಗೆ ಒಂದಷ್ಟು ಈಡು ಹೊಡೆದು, ಮಸಿ ಹಿಡಿದ ಕೋವಿಯನ್ನು ಒರೆಸಲು ನೋಲಾಳ ಕೈಗೇ ಕೊಟ್ಟೆವು.

ಏಪ್ರಿಲ್‌ಗೆ ಚೀಟಿಯಲ್ಲಿ ಮತ್ತೆ ಅದೇ ಕಣಿವೆ ಬಂತು. ದೇವರಿಗೂ ಒಮ್ಮೊಮ್ಮೆ ಚೇಷ್ಟೆ.

ನೋಲಾ ಜೆಟ್ಟಿಯ ತನಕ ಬಂದಳು. ಕೋವಿಯ ಮರ, ಉಕ್ಕು ಎಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಳೆಹನಿ ಒಳಗೆ ಹೋಗದಂತೆ ನಾವೆಲ್ಲ ನಳಿಗೆಯ ಬಾಯಿಗೆ ಟೇಪು ಅಂಟಿಸುತ್ತೇವೆ, ಗುಂಡು ಅದನ್ನು ಹರಿದುಕೊಂಡೇ ಹೋಗುತ್ತದೆ. ಅದನ್ನೂ ಅವಳೇ ಅಂಟಿಸಿದ್ದಳು, ಕೆಂಪು ಟೇಪು, ಸುಕ್ಕಿಲ್ಲದೆ.

"ಒರೆಸಿದ್ದೀನಿ," ಎಂದು ಗಂಡನ ಕೈಗಿಟ್ಟಳು.

"ಗೊತ್ತು," ಎಂದ ಫರ್ಗಸ್. ಅವಳ ಹಣೆಗೆ ಮುತ್ತಿಟ್ಟ. ನಾನು ಸರೋವರದ ಕಡೆ ತಿರುಗಿ, ದೋಣಿಯವನನ್ನು ಕಾರಣವಿಲ್ಲದೆ ಗದರಿದೆ.

ಮೂರು ದಿನ ಮೊರೆತ ಕೇಳಿಸಿತು, ಪ್ರಾಣಿ ಕಾಣಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಂಜು ಸರಿದಾಗ ಹೊಳೆಯಾಚೆಯ ಬಯಲಿನಲ್ಲಿ ಒಂದು ಸಾರಂಗ ನಿಂತಿತ್ತು. ಒದ್ದೆ ಕತ್ತು, ಉಸಿರಿನ ಹಬೆ. ಫರ್ಗಸ್ ಬೆನ್ನುಚೀಲದ ಮೇಲೆ ಕೋವಿ ಇಟ್ಟು ಮಲಗಿದ. ನಾನು ಪಕ್ಕದಲ್ಲಿ ದುರ್ಬೀನು ಹಿಡಿದಿದ್ದೆ. ಅವನ ಬೆರಳು ಕೋವಿಯ ಟ್ರಿಗರಿನ ಮೇಲೆ ಹೋಯಿತು, ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಅವನ ಹಣೆಯಲ್ಲಿ ಬೆವರು. ಇದೂ ತಪ್ಪಿದರೆ ಕೋವಿ ನದಿಗೆ, ಅವನು ಇನ್ನು ಯಾವತ್ತೂ ಗುಡ್ಡ ಹತ್ತುವುದಿಲ್ಲ. ಯಾಕೆ ಬಿಟ್ಟೆ ಎಂದು ನೋಲಾ ಕೇಳಿಯೇ ಕೇಳುತ್ತಾಳೆ.

"ತೋಟೆ ನನ್ನದು," ಎಂದು ಪಿಸುಗುಟ್ಟಿದೆ. "ತಪ್ಪಿದ್ರೆ ನನ್ನ ಬೈಕೋ. ಹೊಡಿ."

ಹೊಡೆದ. ಸಾರಂಗ ನಿಂತಲ್ಲೇ ಮಂಡಿಯೂರಿ ಪಕ್ಕಕ್ಕೆ ವಾಲಿತು. ಇನ್ನೊಮ್ಮೆ ಕಾಲು ಆಡಿಸಲಿಲ್ಲ. ಫರ್ಗಸ್ ಕೋವಿಯ ಮರಕ್ಕೆ ಕೆನ್ನೆಯೊತ್ತಿಕೊಂಡು ಹಾಗೇ ಮಲಗಿದ್ದ, ಅವನ ಬೆನ್ನು ಅದುರುತ್ತಿತ್ತು. ನಾನು ಹೊರಬಿದ್ದ ಬಿಸಿ ಚಿಪ್ಪನ್ನು ಎತ್ತಿ ಮುತ್ತಿಟ್ಟು ತುಟಿ ಸುಟ್ಟುಕೊಂಡೆ. ನೀಲಿ ಹೊಗೆ ಕಾಣಿಸಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತ್ತು. ಒದ್ದೆ ಗಾಳಿಯಲ್ಲಿ ಕರಗಿರಬೇಕು ಎಂದುಕೊಂಡು ಮರೆತೆ.

ಮನೆಗೆ ಬಂದ ಸಂಜೆ ಫರ್ಗಸ್ ಮಾಂಸ ನೇತುಹಾಕಲು ಕೊಟ್ಟಿಗೆಗೆ ಹೋದ. ನೋಲಾ ಚೀಸ್ ರೋಲ್ ಬಿಸಿ ಮಾಡುತ್ತಿದ್ದಳು. ನಾನು ಕೂತಲ್ಲೇ ಬೇಟೆಯನ್ನು ಮೂರು ಸಲ ವರ್ಣಿಸಿ ಮುಗಿಸಿದೆ.

"ಒಂದೇ ಈಡು ತಂಗಿ! ಅಂಥ ತೋಟೆ ಈ ಜಿಲ್ಲೆಯಲ್ಲೇ ಯಾರೂ ತುಂಬಿಲ್ಲ."

"ಹೌದಾ ಅಣ್ಣ," ಎಂದಳು ನೋಲಾ. ಬಾಗಿಲ ಕಡೆ ಒಮ್ಮೆ ನೋಡಿ ನನ್ನ ಎದುರು ಬಂದು ಕೂತಳು. "ನಳಿಗೆ ಒಳಗೆ ನಾನು ಮುಟ್ಟೇ ಇರಲಿಲ್ಲ ಗೊತ್ತಾ? ಮೇಲಷ್ಟೇ ತಿಕ್ಕಿದ್ದು. ಕೊನೇ ದಿನ ನೀವು ಹೊಡೆದು ತಂದ ಮಸಿ ಹಾಗೇ ಇತ್ತು. ಕಾಣಬಾರ್ದು ಅಂತ ಟೇಪು ಅಂಟಿಸ್ದೆ."

ನನ್ನ ಬೇಸಿಗೆ! ನನ್ನ ಮದ್ದು!

"ಯಾರು ಹೇಳಿದ್ರು ನಿನಗೆ? ನಾನಂತೂ ಹೇಳಿಲ್ಲ. ಸತ್ಯವಾಗ್ಲೂ ಹೇಳಿಲ್ಲ!"

"ನೀನು ಹೇಳಿಲ್ಲ, ಅದೇ ಆಶ್ಚರ್ಯ." ಅವಳು ನಕ್ಕಳು. "ಹೊಡೆತ ಬಿದ್ದಿದ್ದು ನನ್ನ ಕೈಗೆ ಅಣ್ಣ, ಕಿವಿಗಲ್ಲ. ಮದ್ದು ನೋಡೋರು ಮೂರು ಮೂರು ಹೊಡೀತಾರೆ. ನೀವು ಬೇಸಿಗೆ ಪೂರ್ತಿ ಒಂದು ಹೊಡೆದು ಸುಮ್ಮನಾಗ್ತಿದ್ರಿ. ಇಲ್ಲಿ ಕೆಟ್ಲು ಇಟ್ಟು, ಕುದಿಸಿ, ಕುಡಿದು ಮುಗಿಸಿದ್ಮೇಲೆ ಇನ್ನೊಂದು. ಒಂದೊಂದು ಈಡಿಗೂ ನಳಿಗೆ ಒರೆಸ್ತಿದ್ದಾರೆ ಅಂತ ತಿಳಿಯೋಕೆ ಬೇಟೆಗಾರನ ಮಗಳಿಗೆ ಎಷ್ಟು ಹೊತ್ತು ಬೇಕು? ಯಾಕೆ ಒರೆಸ್ತಾರೆ ಅಂತ ಯೋಚಿಸ್ದೆ. ಹೋದ ವರ್ಷ ಹೊರಡೋ ಮುಂಚೆ ನಾನು ಒರೆಸಿದ್ದು, ಆ ಸಾರಂಗ, ಎರಡೂ ನೆನಪಾಯ್ತು."

ಅವಳ ದನಿ ಅಲ್ಲಿ ಸ್ವಲ್ಪ ಮುರಿಯಿತು. ಸೋತ ಕೈಯನ್ನು ಎಡಗೈಯಿಂದ ಹಿಡಿದುಕೊಂಡಳು.

"ಅವತ್ತು ಸಿಂಕಿನ ಮುಂದೆ ನಿಂತು ಅತ್ತೆ. ಆ ಪ್ರಾಣಿಗೋಸ್ಕರ ಅತ್ತೆ, ಅವನು ಕೈ ಹೋಯ್ತು ಅಂದ್ಕೊಂಡು ಕಳೆದ ಅಷ್ಟು ತಿಂಗಳಿಗೋಸ್ಕರ ಅತ್ತೆ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಈಡು ಕೇಳಿಸ್ತು. ನನಗೆ ಒಂದು ಮಾತು ಹೇಳೋ ಬದಲು ಅಲ್ಲಿ ಬಿಸಿಲಲ್ಲಿ ಕೂತು ಒರೆಸ್ತಿದ್ದಾನಲ್ಲ ಅನ್ನಿಸ್ತು. ಆಮೇಲೆ ದಿನಾ ಕೆಲಸ ಬಿಟ್ಟು ಕಿಟಕಿ ತೆಗೆದು ಕೂತ್ಕೊಂಡು ಕೇಳ್ತಿದ್ದೆ."

ನನಗೆ ಅಳು ಬಂತು. ಮುಚ್ಚಿಡುವುದೇನು, ಮೇಜಿಗೆ ತಲೆ ಕೊಟ್ಟು ಅತ್ತೆ.

"ಏಯ್, ಸಾಕು. ಅವನಿಗೆ ಮಾತ್ರ ಹೇಳ್ಬೇಡ," ಎಂದಳು. "ನಂಗೆ ಗೊತ್ತಾಗಿದೆ ಅಂತ ತಿಳಿದ್ರೆ ಅವನ ಬೇಸಿಗೆಯೆಲ್ಲ ವ್ಯರ್ಥ ಆಗುತ್ತೆ."

ಬಾಗಿಲು ಸದ್ದಾಯಿತು. ಫರ್ಗಸ್ ಕೋವಿಯೊಂದಿಗೆ ಒಳಬಂದ. ನಳಿಗೆಯ ತುದಿಯಲ್ಲಿ ಹರಿದ ಕೆಂಪು ಟೇಪು ಇನ್ನೂ ಅಂಟಿಕೊಂಡಿತ್ತು. "ನೋಲಾ, ಮಳೆಲಿ ನೆಂದಿದೆ," ಎಂದು ಅದನ್ನು ಅವಳ ಮುಂದಿಟ್ಟ. "ಒರೆಸಿಕೊಡ್ತೀಯಾ?"

"ಕೊಡು ಇಲ್ಲಿ," ಎಂದು ಅವಳು ಕೋವಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು. ಅವನು ಅವಳ ತಲೆಯ ಮೇಲಿನಿಂದ ನನ್ನನ್ನು ದುರುಗುಟ್ಟಿ ನೋಡಿದ, ಬಾಯಿ ಬಿಟ್ಟರೆ ಜೋಕೆ ಎಂಬಂತೆ. ಅವಳು ಬಟ್ಟೆ ಸುತ್ತುತ್ತಾ ಕೆಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು, ಅದೇ ಅರ್ಥದಲ್ಲಿ.

"ಕ್ಲೈಡ್, ಕಣ್ಣೆಲ್ಲ ಕೆಂಪಾಗಿದೆ. ಏನಾಯ್ತೋ?" ಎಂದ ಫರ್ಗಸ್.

ನಾನು ತಟ್ಟೆಯಲ್ಲಿದ್ದ ಸುಡುಸುಡು ಚೀಸ್ ರೋಲನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.